ಕಾಫಿಗೆಂದು ಉಳಿಸಿಕೊಂಡ ಅಧ್ಯಾಯ

ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ಹೆಂಡತಿ ಚೆನ್ನೈನ ವೇಲಚೇರಿಯ ಮನೆಯಲ್ಲಿ ಫೋನಿನಲ್ಲೇ ಒಂದು ಕಾದಂಬರಿ ಕೇಳುತ್ತಿದ್ದಳು. ನಾನು ಅದನ್ನು ಆಗಲೇ ಓದಿ ಮೆಚ್ಚಿದ್ದೆ. ಕೊನೆಯ ಅಧ್ಯಾಯವನ್ನು ಅವಳು ಸಂಜೆಯ ಕಾಫಿಗೆಂದು ಉಳಿಸಿಕೊಂಡಿದ್ದಳು.

"ಕೊನೆ ಚೆನ್ನಾಗಿದೆಯೇನ್ರೀ?" ಎಂದು ಕೇಳಿದಳು.

ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳುವುದು ಪತ್ರಿಕೆಯಲ್ಲಿದ್ದಾಗ ನನಗಂಟಿದ ಅಭ್ಯಾಸ. "ಅಕ್ಕ ಸಾಯ್ತಾಳೆ. ಚೆನ್ನಾಗಿದೆ," ಎಂದೆ.

ಅವಳು ಲೋಟ ಕೆಳಗಿಟ್ಟಳು. "ಪೋಚ್ಚು, ಹೋಯ್ತು! ರಿಟೈರ್ ಆದ್ರೂ ನಿಮ್ಮ ಪೇಪರ್ ಆಫೀಸು ಮುಚ್ಲಿಲ್ವಲ್ರೀ!"

ನನಗೆ ತಲೆ ಎತ್ತಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಧ್ಯಾಯ ಹಾಕಿದಳು. ನಾನೂ ಪಕ್ಕದಲ್ಲಿ ಕುಳಿತು ಕೇಳಿದೆ. ಅಕ್ಕ ಸತ್ತಾಗ ಅವಳು, ಏನೂ ಗೊತ್ತೇ ಇರಲಿಲ್ಲವೆಂಬಂತೆ, "ಅಯ್ಯೋ ಪಾಪ!" ಎಂದು ನನ್ನ ಕಡೆ ನೋಡಿದಳು. ಅದು ನನಗೋಸ್ಕರ ಅಂದದ್ದು. ಬೈದಾಗಿನದಕ್ಕಿಂತ ಆಗ ಹೆಚ್ಚು ನಾಚಿಕೆಯಾಯಿತು.