ಮೊಣಕಾಲವರೆಗಿನ ಕುದುರೆಗಳು

ಚಾಮರಾಜಪುರಂನ ನೀಲಮ್ಮ ೨೦೦೬ರ ಫೆಬ್ರವರಿಯ ಒಂದು ಸೋಮವಾರ ತೀರಿಕೊಂಡರು. ವಯಸ್ಸು ಎಪ್ಪತ್ತೊಂದು. ಮಧ್ಯಾಹ್ನ ಸ್ವಲ್ಪ ಹೊತ್ತು ಅಡ್ಡಾಗುತ್ತೇನೆಂದು ಮಲಗಿದವರು ಏಳಲಿಲ್ಲ. ಹೃದಯ ನಿಂತಿದೆ ಎಂದು ಪಕ್ಕದ ಬೀದಿಯ ಡಾಕ್ಟರು ಹೇಳಿದರು.

ಎರಡು ಮನೆ ಆಚೆಗಿದ್ದ ಗೆಳತಿ ಅಂಬುಜಾ ಬಂದಾಗ ಆ ಮನೆಯವರ ಸಂಪ್ರದಾಯದಂತೆ ನೀಲಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಮಡಚಿದ ಕಾಲುಗಳ ಮೇಲೆ ಹೊಸ ಸೀರೆಯ ನೆರಿಗೆ. ಪಾದ ಕಾಣುತ್ತಿರಲಿಲ್ಲ. ಅಂಬುಜಾ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಸಾವಿನ ಮನೆಯಲ್ಲಿ ಹೇಗಿರಬೇಕೆಂದು ಬಲ್ಲವರು. ಆದರೂ ಆ ನೆರಿಗೆ ಕಂಡೊಡನೆ ಅವರಿಗೆ ನಗು ಉಕ್ಕಿಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ನೀಲಮ್ಮನ ಮಗಳು ಸುಷ್ಮಾ ಅದನ್ನು ಅಳು ಅಂದುಕೊಂಡು ಅವರ ಬೆನ್ನು ಸವರಿದಳು. ಆಮೇಲೆ ಅವಳ ಕಣ್ಣೂ ಅಲ್ಲಿಗೇ ಹೋಯಿತು.

"ಆಂಟಿ, ಅಮ್ಮಂದೂ ಕಾಲು ಕಾಣ್ತಿಲ್ಲ," ಎಂದು ಪಿಸುಗುಟ್ಟಿದಳು.

ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಮುಖ ಹುದುಗಿಸಿ ಅಲುಗಾಡಿದರು. ಎಂಥ ದುಃಖ ನೋಡಿ ಎಂದರು ಬಂದವರು. ದುಃಖವೂ ಇತ್ತು.

ಆ ನಗುವಿಗೆ ಕಾರಣ ನೀಲಮ್ಮನ ಕುದುರೆಗಳು. ಸುಷ್ಮಾಳ ಮದುವೆ ಮುಗಿಸಿದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ನೀಲಮ್ಮ ಒಬ್ಬ ಮೇಷ್ಟ್ರ ಮನೆಗೆ ಹೋಗಿ ಮೈಸೂರು ಶೈಲಿಯ ಚಿತ್ರ ಬರೆಯುವುದನ್ನು ಕಲಿತರು. ಬಂಗಾರದ ಹಾಳೆ ಅಂಟಿಸುವುದು, ಅಳಿಲಿನ ಕೂದಲಿನ ಕುಂಚದಿಂದ ಗೆರೆ ಎಳೆಯುವುದು, ಎಲ್ಲವೂ ಕೈಗೆ ಹತ್ತಿತು. ಮೇಷ್ಟ್ರ ಒಂದು ಕಟ್ಟಪ್ಪಣೆಯನ್ನು ಅವರು ಎಂದೂ ಮೀರುತ್ತಿರಲಿಲ್ಲ: ಚಿತ್ರಕ್ಕೆ ಕಣ್ಣಿಡುವುದು ಕಡೆಗೆ, ಬೇರೆಲ್ಲ ಮುಗಿದ ಮೇಲೆ. ಕಣ್ಣಿಟ್ಟ ಮೇಲೆ ಮತ್ತೆ ಕುಂಚ ಸೋಕಿಸುವ ಹಾಗಿಲ್ಲ.

ಮೇಷ್ಟ್ರು ಲಕ್ಷ್ಮಿಯನ್ನು ಬರೆಯಲು ಹೇಳಿದರೆ ಲಕ್ಷ್ಮಿಯ ಆನೆಗಳ ಹಿಂದೆ ಒಂದು ಕುದುರೆ ಇಣುಕುತ್ತಿತ್ತು. ಶಿವಪಾರ್ವತಿ ಬರೆಯಲು ಹೇಳಿದರೆ ನಂದಿಯ ಮುಖ ತುಸು ಉದ್ದವಾಗುತ್ತಿತ್ತು. ಕತ್ತು, ಜೂಲು, ಬೆನ್ನಿನ ಇಳಿಜಾರು ಎಲ್ಲ ಬೆಣ್ಣೆಯಲ್ಲಿ ಕಡೆದ ಹಾಗೆ ಬರುತ್ತಿತ್ತು. ಮೊಣಕಾಲಿನಿಂದ ಕೆಳಕ್ಕೆ ಮಾತ್ರ ಕೈ ಓಡುತ್ತಿರಲಿಲ್ಲ. ಗೊರಸು ಬರೆದರೆ ಕುದುರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೊರಟ ಹಾಗಿರುತ್ತಿತ್ತು. ಹಾಗಾಗಿ ನೀಲಮ್ಮನ ಕುದುರೆಗಳೆಲ್ಲ ಕೆರೆಯಲ್ಲಿ ನಿಂತವು, ಎತ್ತರದ ಹುಲ್ಲಿನಲ್ಲಿ ನಿಂತವು, ಒಂದಂತೂ ಮೋಡದಲ್ಲಿ.

"ಮೀನು ಬರಿಯೇ ನೀಲಾ," ಎನ್ನುತ್ತಿದ್ದರು ಗಂಡ ಕರಿಬಸವಯ್ಯ. ರೈಲ್ವೆಯಲ್ಲಿದ್ದು ನಿವೃತ್ತರಾದ ಅವರಿಗೆ ಪೂಜೆ, ಪೇಪರು, ಹೆಂಡತಿಯನ್ನು ಕೆಣಕುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. "ಕಾಲಿನ ತಾಪತ್ರಯವೇ ಇರಲ್ಲ."

"ನಿಮ್ಮನ್ನ ಬರೀತೀನಿ ಸುಮ್ನಿರಿ. ಪಂಚೆ ಎಲ್ಲಾ ಮುಚ್ಕೊಳತ್ತೆ."

ಈ ಏರ್ಪಾಡು ಸುಖವಾಗಿಯೇ ನಡೆಯುತ್ತಿತ್ತು. ಅದನ್ನು ಕೆಡಿಸಿದವಳು ಸುಷ್ಮಾಳ ಮಗಳು ಲಾಸ್ಯ. ಪ್ರತಿ ಭಾನುವಾರ ವಿಜಯನಗರದಿಂದ ಅಜ್ಜಿಯ ಮನೆಗೆ ಬರುತ್ತಿದ್ದ ಹುಡುಗಿ ಐದು ವರ್ಷದವಳಿದ್ದಾಗ ಒಂದು ದಿನ ಚಿತ್ರದ ಮುಂದೆ ನಿಂತು ಕೇಳಿದಳು:

"ಅಜ್ಜಿ, ಇದು ಯಾವಾಗ್ಲೂ ಯಾಕೆ ನೀರಲ್ಲೇ ನಿಂತಿರತ್ತೆ? ಶೀತ ಆಗಲ್ವಾ?"

"ಅದಕ್ಕೆ ನೀರು ಅಂದ್ರೆ ಇಷ್ಟ ಕಣಮ್ಮ."

"ಸುಳ್ಳು. ನಿಂಗೆ ಕಾಲು ಬರಿಯಕ್ಕೆ ಬರಲ್ಲ."

ಕರಿಬಸವಯ್ಯ ಪೇಪರಿನ ಹಿಂದೆ ಕೆಮ್ಮಿದರು. ನೀಲಮ್ಮನವರಿಗೆ ರೋಷ ಬಂತು. "ನಾಲ್ಕು ಕಾಲಿರೋ ಕುದುರೆ ಬರ್ದು ನಿನ್ನ ಕೈಗೆ ಕೊಡ್ತೀನಿ. ಕೊಡದೆ ಇದ್ರೆ ನಾನು ನಿನ್ನಜ್ಜಿನೇ ಅಲ್ಲ," ಎಂದುಬಿಟ್ಟರು.

ಕಂದು ಬಣ್ಣದ ಒಂದು ಕುದುರೆಯನ್ನು ಒಣ ನೆಲದ ಮೇಲೆ ನಿಲ್ಲಿಸಿ ಚಿತ್ರ ಶುರುವಾಯಿತು. ಮೊಣಕಾಲವರೆಗೆ ಒಂದೇ ತಿಂಗಳಲ್ಲಿ ಬಂತು. ಅಲ್ಲಿಗೆ ನಿಂತಿತು. ಕಾಲಿಲ್ಲದೆ ಚಿತ್ರ ಮುಗಿಯುವಂತಿಲ್ಲ, ಮುಗಿಯದೆ ಕಣ್ಣಿಡುವಂತಿಲ್ಲ. ಕಣ್ಣಿಲ್ಲದ ಕುದುರೆಯನ್ನು ಕಂಡು ಮನೆಗೆ ಬಂದವರು ಬೆಚ್ಚುತ್ತಿದ್ದರಿಂದ ಅದನ್ನು ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ನೇತುಹಾಕಿದರು. ಲಾಸ್ಯ ಭಾನುವಾರ ಬಂದವಳೇ ಚಪ್ಪಲಿ ಬಿಟ್ಟು, ಸ್ಟೂಲು ಹತ್ತಿ, ಚಿತ್ರ ತಿರುಗಿಸಿ ನೋಡುತ್ತಿದ್ದಳು. "ಇನ್ನೂ ಇಲ್ಲ," ಎಂದು ಮತ್ತೆ ತಿರುಗಿಸಿಟ್ಟು ತಿಂಡಿಗೆ ಹೋಗುತ್ತಿದ್ದಳು. ಕೋಪವಿಲ್ಲ, ವ್ಯಂಗ್ಯವಿಲ್ಲ, ಹವಾಮಾನ ವರದಿಯ ಹಾಗೆ. ಆ ಎರಡು ಮಾತು ನೀಲಮ್ಮನವರನ್ನು ದೇಶ ಸುತ್ತಿಸಿತು.

ಮೊದಲು ಬೀದಿಯ ತುದಿಯ ಟಾಂಗಾ ಸ್ಟ್ಯಾಂಡು. ಬೆಳಿಗ್ಗೆ ಮಹದೇವುವಿನ ಕುದುರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಕಾಲನ್ನೇ ದಿಟ್ಟಿಸುತ್ತಿದ್ದರು.

"ಅಮ್ಮಾವ್ರೆ, ಎಣ್ಣು ನೋಡಕ್ ಬಂದೋರಂಗೆ ನೋಡ್ಬೇಡಿ," ಎಂದ ಮಹದೇವು. "ಗಂಡ್ ಕುದ್ರೆ, ನಾಚ್ಕತದೆ."

ಆಮೇಲೆ ರೇಸ್‌ಕೋರ್ಸು. ಮುಂಜಾನೆಯ ತಾಲೀಮು ನೋಡಲು ಬೇಲಿಯ ಪಕ್ಕ ನಿಂತಿದ್ದಾಗ ಮಫ್ಲರ್ ಸುತ್ತಿಕೊಂಡಿದ್ದ ಒಬ್ಬಾತ ಹತ್ತಿರ ಬಂದು, ಯಾವುದಮ್ಮಾ ಚೆನ್ನಾಗಿದೆ ಎಂದು ಕೇಳಿದ. ಆ ಬಿಳಿಗಾಲಿಂದು ಎಂದರು ನೀಲಮ್ಮ. ಕಾಲಿನ ಅಂದ ಬಿಟ್ಟು ಬೇರೇನೂ ಅವರ ಮನಸ್ಸಿನಲ್ಲಿರಲಿಲ್ಲ. ಮುಂದಿನ ವಾರ ಆತ ವಿಳಾಸ ವಿಚಾರಿಸಿಕೊಂಡು ಒಂದು ಡಬ್ಬಿ ಮೈಸೂರುಪಾಕಿನೊಡನೆ ಬಂದು, ಲಿಂಗಪೂಜೆಗೆ ಕೂತಿದ್ದ ಕರಿಬಸವಯ್ಯನವರನ್ನು ದಾಟಿಕೊಂಡು ಹೋಗಿ ನೀಲಮ್ಮನ ಕಾಲಿಗೆ ಅಡ್ಡಬಿದ್ದ.

"ಶನಿವಾರದ್ದು ಒಂದು ಹೇಳ್ಬುಡಿ ತಾಯಿ."

ಕರಿಬಸವಯ್ಯನವರ ಅಂಗೈಯಲ್ಲಿ ಲಿಂಗ ಇದ್ದದ್ದರಿಂದ ಅವರು ಬಾಯಿ ಬಿಡಲಿಲ್ಲ. ಪೂಜೆ ಮುಗಿದ ಮೇಲೆ ಮೈಸೂರುಪಾಕನ್ನಷ್ಟೇ ತಿಂದರು.

೧೯೯೯ರ ಮೇ ತಿಂಗಳಲ್ಲಿ ಮಠದ ಭಕ್ತರು ಕೇದಾರಕ್ಕೆ ಹೊರಟರು. ನೀಲಮ್ಮ ಮೊದಲಿಗರಾಗಿ ಹೆಸರು ಕೊಟ್ಟಾಗ, ಕೊನೆಗೂ ಇವಳಿಗೆ ಭಕ್ತಿ ಬಂತಲ್ಲ ಎಂದು ಕರಿಬಸವಯ್ಯನವರ ಕಣ್ಣು ಒದ್ದೆಯಾಯಿತು. ಅಲ್ಲಿ ಬೆಟ್ಟ ಹತ್ತಲು ಕುದುರೆ ಸಿಗುತ್ತದೆಂಬುದು ಅಂಬುಜಾಗೆ ಮಾತ್ರ ಗೊತ್ತಿತ್ತು. ಅವರೂ ಜೊತೆಗೆ ಹೊರಟರು.

ಕುದುರೆ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನೀಲಮ್ಮ ಹಿಂದಿನಿಂದ ಕೂಗಿದರು: "ಅಂಬುಜಾ, ಮೇಲೆ ಕೂತ್ರೆ ಇದರ ಕಿವಿ ಬಿಟ್ಟು ಏನೂ ಕಾಣಲ್ಲ ಕಣೇ."

ಇಳಿದೇಬಿಟ್ಟರು. ಖಾಲಿ ಕುದುರೆ ಮುಂದೆ, ಅದರ ಕಾಲು ನೋಡುತ್ತ ನೀಲಮ್ಮ ಹಿಂದೆ, ತಲೆ ಚಚ್ಚಿಕೊಳ್ಳುತ್ತ ಕುದುರೆಯವನು ಅವರ ಹಿಂದೆ. ಅರ್ಧ ದಾರಿಯ ಚಹಾ ಅಂಗಡಿಯ ಬಳಿ ಹತ್ತುವ ಇಳಿಯುವ ಕುದುರೆಗಳೆಲ್ಲ ನಿಲ್ಲುತ್ತಿದ್ದವು. ನೀಲಮ್ಮ ಅಲ್ಲೇ ಬಂಡೆಯ ಮೇಲೆ ಕೂತು ಪೆನ್ಸಿಲು ತೆಗೆದರು. ದರ್ಶನ ಮುಗಿಸಿ ಅಂಬುಜಾ ಇಳಿದು ಬಂದಾಗಲೂ ಅಲ್ಲೇ ಕೂತಿದ್ದರು.

"ಕೇದಾರದವರೆಗೆ ಬಂದು ದೇವರನ್ನ ನೋಡದೆ ಹೋಗ್ತೀಯೇನೇ?"

ನೀಲಮ್ಮ ಸ್ವೆಟರಿನೊಳಗಿಂದ ಶಿವದಾರ ಎಳೆದು ಲಿಂಗ ತೋರಿಸಿದರು. "ಇವನು ಮೈಸೂರಿಂದ ಜೊತೇಲೇ ಬಂದಿದಾನೆ. ಕತ್ತು ಬಿಟ್ಟು ಎಲ್ಲೂ ಹೋಗಲ್ಲ. ಕುದುರೆ ಹಂಗಲ್ಲ, ಚಹಾ ಕುಡಿದ್ರೆ ಹೊರಟುಬಿಡತ್ತೆ."

ಕಾಲೇಜಿನಲ್ಲಿ ಅಷ್ಟು ವರ್ಷ ವಚನ ಪಾಠ ಹೇಳಿದ್ದ ಅಂಬುಜಾ ಎರಡು ಲೋಟ ಚಹಾ ಹೇಳಿ ಅದೇ ಬಂಡೆಯ ಮೇಲೆ ಕೂತರು.

ಕೇದಾರ ಕಂಡು ಬಂದವರ ಪಾದ ತೊಳೆದು ನೆಂಟರು ಪುಣ್ಯ ಪಡೆಯುವ ಪದ್ಧತಿ. ಮನೆಯಲ್ಲಿ ಹಿತ್ತಾಳೆಯ ತಟ್ಟೆ ಬಂತು, ನೆಂಟರು ಸಾಲಾಗಿ ನಿಂತರು. ಅಂಬುಜಾ ಸೀರೆಯ ಅಂಚು ನೋಡುತ್ತ ಉಸಿರು ಬಿಗಿಹಿಡಿದಿದ್ದರು. ನೀಲಮ್ಮ ಮಾತ್ರ ಗಂಭೀರವಾಗಿ ತಟ್ಟೆಯಲ್ಲಿದ್ದ ತಮ್ಮ ಪಾದವನ್ನೇ ಪರೀಕ್ಷಿಸುತ್ತಿದ್ದರು. "ಬೆರಳು ಐದಿರೋದೇ ವಾಸಿ," ಎಂದು ಗೆಳತಿಯ ಕಿವಿಯಲ್ಲಿ ಹೇಳಿದರು. "ಎಲ್ಲಿ ನಿಂತಿದೆ ಅಂತ ಗೊತ್ತಾಗತ್ತೆ."

ಕೇದಾರದಿಂದ ತಂದ ಕಾಲುಗಳೆಲ್ಲ ಕಾಗದದ ಮೇಲೆ ಕಾಲಾಗಿಯೇ ಇದ್ದವು. ಕಂದು ಕುದುರೆಗೆ ಜೋಡಿಸಿದೊಡನೆ ಮೇಜಿನ ಕಾಲಾದವು. ಬರೆದರು, ಅಳಿಸಿದರು. ಮಹದೇವು ಕುದುರೆ ಮಾರಿ ಆಟೋ ಕೊಂಡ. ಲಾಸ್ಯ ಹೈಸ್ಕೂಲು ಸೇರಿದಳು; ಸ್ಟೂಲು ಬೇಕಾಗಲಿಲ್ಲ, "ಇನ್ನೂ ಇಲ್ಲ" ಎನ್ನುವುದನ್ನೂ ನಿಲ್ಲಿಸಿದಳು. ಆದರೆ ಬಂದಾಗಲೆಲ್ಲ ಚಿತ್ರ ತಿರುಗಿಸಿ ನೋಡುವುದನ್ನು ಬಿಡಲಿಲ್ಲ. ಸುಮ್ಮನೆ ನೋಡಿ ತಿರುಗಿಸಿಡುವುದು ನೀಲಮ್ಮನವರಿಗೆ ಆ ಎರಡು ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು. "ಅವಳಿಗೆ ಅಜ್ಜಿ ಮೇಲೆ ಕನಿಕರ ಬಂದುಬಿಟ್ಟಿದೆ ಕಣೇ," ಎಂದು ಒಮ್ಮೆ ಅಂಬುಜಾ ಹತ್ತಿರ ಹೇಳಿಕೊಂಡರು. ಆಗ ನಗಲಿಲ್ಲ.

೨೦೦೫ರ ದೀಪಾವಳಿಯ ಹೊತ್ತಿಗೆ ಅವರ ಮಂಡಿ ಕೈಕೊಟ್ಟಿತು. ಅಲ್ಯೂಮಿನಿಯಂ ವಾಕರು ಬಂತು.

"ನೋಡು," ಎಂದರು ಕರಿಬಸವಯ್ಯ, "ಕೊನೆಗೆ ನಿಂಗೇ ನಾಲ್ಕು ಕಾಲು ಬಂತು."

ನೀಲಮ್ಮ ನಡುಮನೆಯ ಮಧ್ಯೆ ನಿಂತುಬಿಟ್ಟಿದ್ದರು. ವಾಕರು ಎತ್ತಿದರು, ಮುಂದಿಟ್ಟರು, ಮೈಯನ್ನು ಅದರ ಮೇಲೆ ಬಿಟ್ಟರು. ಮತ್ತೆ ಎತ್ತಿದರು. ಒಂದು ಕಡೆ ವಾಲಿದರು, ಇನ್ನೊಂದು ಕಡೆ ವಾಲಿದರು. ಬಾಗಿಲಲ್ಲಿದ್ದ ಅಂಬುಜಾಗೆ, ತಲೆ ಸುತ್ತಿತೋ ಏನೋ ಎಂದು ಗಾಬರಿಯಾಯಿತು.

"ಇಷ್ಟು ವರ್ಷ ಕಾಲು ಬರೀತಿದ್ದೆ ಕಣೇ," ಎಂದರು ನೀಲಮ್ಮ. "ಭಾರ ಬರೀಲೇ ಇಲ್ಲ."

ಅವತ್ತಿನಿಂದ ವಾಕರು ಹಿಡಿದು ನಾಲ್ಕು ಹೆಜ್ಜೆ, ಕೂತು ನಾಲ್ಕು ಗೆರೆ. ಕುದುರೆ ಒಂದು ಮುಂಗಾಲಿನ ಮೇಲೆ ಮೈಭಾರ ಹಾಕಿತು, ಇನ್ನೊಂದನ್ನು ಸಡಿಲ ಬಿಟ್ಟಿತು. ಸಂಕ್ರಾಂತಿಗೆ ಎಳ್ಳು ಕೊಡಲು ಬಂದ ಲಾಸ್ಯ ಚಿತ್ರ ತಿರುಗಿಸಿದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಜ್ಜಿ, ಎರಡು ಬಂದಿದೆ."

"ಬಾಯಿ ಮುಚ್ಕೊಂಡು ಎಳ್ಳು ತಿನ್ನು. ದೃಷ್ಟಿ ಹಾಕ್ಬೇಡ."

ಫೆಬ್ರವರಿಯ ಆ ಸೋಮವಾರ ಬೆಳಿಗ್ಗೆ ಅಂಬುಜಾ ಹೋದಾಗ ಹಿಂಗಾಲುಗಳೂ ಮುಗಿದಿದ್ದವು. ಒಣ ನೆಲದ ಮೇಲೆ ನಾಲ್ಕು ಗೊರಸು. ಅಂಬುಜಾ ಬೆರಳು ಮಡಚಿ ಎಣಿಸಿದರು. ನೀಲಮ್ಮ ಸೆರಗು ಸರಿಮಾಡಿಕೊಂಡು, ಒಂದೇ ಕೂದಲಿನಷ್ಟು ಸಣ್ಣ ಕುಂಚ ತೆಗೆದು, ಉಸಿರು ಹಿಡಿದು ಕುದುರೆಗೆ ಕಣ್ಣಿಟ್ಟರು. ಒಂಬತ್ತು ವರ್ಷ ಗೋಡೆ ನೋಡಿದ್ದ ಕುದುರೆ ಇವರಿಬ್ಬರನ್ನು ನೋಡಿತು. ಅಂಬುಜಾ ಮೂಗು ಒರೆಸಿಕೊಂಡರು.

"ಭಾನುವಾರದವರೆಗೆ ಯಾಕೆ ಕಾಯ್ಬೇಕು, ಈಗ್ಲೇ ಲಾಸ್ಯಂಗೆ ಫೋನ್ ಮಾಡೋಣ್ವಾ?"

"ಸ್ಕೂಲಲ್ಲಿರ್ತಾಳೆ. ಸಂಜೆ ಮಾಡು," ಎಂದರು ನೀಲಮ್ಮ. ಕತ್ತು ಓರೆ ಮಾಡಿ ಹಿಂದಿನ ಎಡಗಾಲನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಕುಂಚವನ್ನು ಹಸಿರಿಗೆ ಅದ್ದಿದರು.

"ಕಣ್ಣಿಟ್ಟಾಯ್ತಲ್ಲೇ, ಮುಟ್ಟೋ ಹಾಗಿಲ್ಲ," ಎಂದರು ಅಂಬುಜಾ.

"ಮೇವು ಬೇಡ್ವಾ ಅದಕ್ಕೆ?" ಎಂದು ನೀಲಮ್ಮ ಆ ಒಂದು ಗೊರಸಿನ ಮೇಲೆ ಒಂದು ಹಿಡಿ ಹುಲ್ಲು ಬರೆದರು.