ಪುಣೆಯಲ್ಲಿ ಮಲ್ಲವ್ವನ ಪಾರಾಯಣ

ಪುಣೆಯಲ್ಲಿ ಆ ಸಂಜೆ ನಡೆದದ್ದನ್ನು ಹಲವರಿಗೆ ಹೇಳಿದ್ದೇನೆ, ಪ್ರತಿ ಸಲವೂ ಬೇರೆಯಾಗಿ. ಒಬ್ಬರಿಗೆ ಸಭಾಗೃಹದಲ್ಲಿದ್ದವರೆಲ್ಲ ಎದ್ದು ನಿಂತರು ಎಂದೆ. ಇನ್ನೊಬ್ಬರಿಗೆ ಯಾರೂ ಕೂತಲ್ಲಿಂದ ಕದಲಲಿಲ್ಲ ಎಂದೆ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದಂದಿನಿಂದ ಬೇರೆಯವರ ನೆನಪನ್ನು ಅನುಮಾನಿಸುವುದು ನನಗೆ ಅಭ್ಯಾಸ. ಈಗ ಸರದಿ ನನ್ನ ನೆನಪಿಗೇ ಬಂದಿದೆ. ಹಾಗಾಗಿ ಅನುಮಾನವಿಲ್ಲದ ಕಡೆಯಿಂದ, ಅಂದರೆ ಬಸ್ಸಿನಿಂದ, ಶುರುಮಾಡುತ್ತೇನೆ.

ಜೂನ್ ತಿಂಗಳ ಕೊನೆಯಲ್ಲಿ ಧಾರವಾಡದಿಂದ ಬೆಳಗಿನ ಬಸ್ಸು ಹಿಡಿದೆ. ಟಿಕೆಟ್ ಏಳುನೂರರ ಮೇಲೆ ಚಿಲ್ಲರೆ. ದೂರ ನಾನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಕೊಲ್ಹಾಪುರದಲ್ಲಿ ತಿಂದ ಮಿಸಳ್ ಸಾತಾರೆಯವರೆಗೂ ಹೊಟ್ಟೆಯಲ್ಲಿ ಉರಿಯಿತು. ಅಲ್ಲಿಂದ ಮುಂದೆ ಜಿಟಿಜಿಟಿ ಮಳೆ. ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಾಗ ಗೆಳೆಯ ಸುಧೀರ ಅರ್ಧ ಮುರಿದ ಕೊಡೆ ಹಿಡಿದು ಕಾಯುತ್ತಿದ್ದ.

“ಬರ್ರಿ ಮಾಸ್ತರ. ದೇವರಿಲ್ಲ ಅನ್ನಾಂವ ಪಾರಾಯಣ ಕೇಳಲಿಕ್ಕೆ ಬಂದಿ ಅಂದಂಗಾತು.”

“ನಿನ್ನ ಸಿನಿಮಾ ನೋಡಲಿಕ್ಕೆ ಬಂದೀನಿ. ಪಾರಾಯಣ ನೀನ ಕೇಳು.”

ಸುಧೀರನ ತಂದೆ ವಿಜಯಪುರದಿಂದ ಬಂದು ಇಲ್ಲಿ ಗುಮಾಸ್ತರಾಗಿದ್ದವರು. ಇವನು ಸಾಕ್ಷ್ಯಚಿತ್ರ ತೆಗೆಯುತ್ತಾನೆ. ಈ ಸಲದ್ದು ಶರಣಪ್ಪ ಎಂಬ ಕಟ್ಟಡ ಕಾರ್ಮಿಕನ ಕುರಿತು. ಕೇಬಲ್ ಕಳವಿನ ವಿಚಾರಣೆಗೆಂದು ಪೊಲೀಸರು ಕರೆದೊಯ್ದವನು ಲಾಕಪ್ಪಿನಲ್ಲಿ ಸತ್ತ. ಯಾವ ಠಾಣೆ ಎಂದು ಬರೆಯುವುದಿಲ್ಲ, ಪ್ರಕರಣ ಕೋರ್ಟಿನಲ್ಲಿದೆ. ಶವಪರೀಕ್ಷೆಯ ವರದಿಯಲ್ಲಿರುವ ಗಾಯಗಳು ಒಂದೊಂದಾಗಿ ಪರದೆಯ ಮೇಲೆ ಬರುವಾಗ ಅವನ ತಾಯಿ ಮಲ್ಲವ್ವ ಸತ್ತವರ ಮನೆಯಲ್ಲಿ ಓದುವ ಅಧ್ಯಾಯವನ್ನು ಹೇಳುತ್ತಾಳೆ. ಆಯುಧಗಳು ಆತ್ಮವನ್ನು ಮುಟ್ಟಲಾರವು ಎಂದು ಸಾರುವ ಅಧ್ಯಾಯ ಅದು.

ರಾತ್ರಿ ಊಟಕ್ಕೆ ಕೂತಾಗ ಜಗಳ ತೆಗೆದೆ. “ಹೊಡದಾಂವನೂ ಇದನ್ನ ಹೇಳಬಹುದಲ್ಲೋ. ಆತ್ಮಕ್ಕ ಏನೂ ಆಗಿಲ್ಲ, ಬರೇ ಮೈಗೆ ಪೆಟ್ಟು ಬಿದ್ದದ ಅಂತ. ಇದು ಪ್ರತಿಭಟನೆ ಹೆಂಗಾತು?”

“ನನ್ನ ತಲಿ ತಿನಬ್ಯಾಡ. ನಾಳೆ ಆಕಿನ್ನ ಕೇಳು,” ಎಂದ ಸುಧೀರ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಯೆರವಡಾಕ್ಕೆ ಹೋದೆವು. ಜೈಲಿನ ಉದ್ದ ಗೋಡೆ ದಾಟಿ ಒಳಗೆ ಹೋದರೆ ತಗಡಿನ ಮನೆಗಳ ಸಾಲು, ಅವುಗಳ ಹಿಂದೆ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು. ಯಾದಗಿರಿ ಕಡೆಯ ಮಲ್ಲವ್ವ ಈ ಊರಿಗೆ ಬಂದು ಬಹಳ ವರ್ಷವಾಗಿದೆ. ಓಣಿಯ ಗುಡಿಯ ಭಜನಾ ಮಂಡಳಿಯಲ್ಲಿ ಕೇಳಿ ಕೇಳಿ ಆ ಅಧ್ಯಾಯ ಆಕೆಗೆ ಬಾಯಿಪಾಠವಾಗಿತ್ತು. ಚಹಾ ಕೊಟ್ಟು ನನ್ನ ಕೈಚೀಲದತ್ತ ನೋಡಿದಳು.

“ಧಾರವಾಡದವರಂತ. ಪೇಢೆ ಎಲ್ರಿ?”

ತಂದಿರಲಿಲ್ಲ. “ಹೋಗ್ಲಿ ಬಿಡ್ರಿ, ಓದಿದವರಿಗೆ ಇಂಥಾವು ನೆನಪಿರೂದಿಲ್ಲ,” ಎಂದು ನಕ್ಕಳು. ಆಮೇಲೆ, ರಾತ್ರಿಯ ಪ್ರಶ್ನೆಯನ್ನು ಸಾಧ್ಯವಾದಷ್ಟು ಮೆತ್ತಗೆ ಮಾಡಿ ಕೇಳಿದೆ.

ಆಕೆ ಬೇಸರಪಡಲಿಲ್ಲ. “ಕಡಿಯಲಿಕ್ಕ ಬರೂದಿಲ್ಲ ಅಂದ್ರ ಏನ್ರಿ? ಒಳಗಿದ್ದಾಂವ ಹೋಗಿಲ್ಲ ಅಂತ ಆತಲ್ಲ. ಯಾರ್ ಹೊಡದ್ರು, ಹೆಂಗ ಹೊಡದ್ರು, ಎಲ್ಲಾ ನೋಡ್ಯಾನ. ಸಾಕ್ಷಿ ಇಲ್ಲ ಅಂತಾರ ಸಾಹೇಬ್ರು. ಅದಾನ್ರಿ ಸಾಕ್ಷಿ.”

ಆ ಅಧ್ಯಾಯದ ಮೇಲೆ ಪಂಡಿತರು ಬರೆದ ಟೀಕೆಗಳನ್ನು ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ. ಹೀಗೆ ಅರ್ಥ ಹೇಳಿದವರು ಯಾರೂ ಸಿಕ್ಕಿರಲಿಲ್ಲ.

ಮಲ್ಲವ್ವನೇ ಮುಂದುವರಿಸಿದಳು. ಹೆಣ ಮನೆಗೆ ಬರಲಿಲ್ಲ. ಪೊಲೀಸರು ಅವಸರ ಮಾಡಿ ನೇರ ಸ್ಮಶಾನಕ್ಕೆ ಒಯ್ದರು. ಹೆಣದ ಮುಂದೆ ಓದಬೇಕಾದದ್ದು ಓದದೇ ಉಳಿಯಿತು. ಕ್ಯಾಮೆರಾ ಎದುರು ಕೂರಲು ಆಕೆ ಒಪ್ಪಿದ್ದು ಆ ಕಾರಣಕ್ಕೆ. “ಮುಚ್ಚಿದ ಖೋಲ್ಯಾಗ ಸತ್ತಾನ್ರಿ. ಮನ್ಯಾಗ ಒಬ್ಬಾಕಿ ಕುಂತು ಓದಿದ್ರ ನನಗ ಸಾಲೂದಿಲ್ಲ. ಮಂದಿ ಮುಂದ ಓದಬೇಕು. ದೀಪಾ ಹಚ್ಚಿ ಸುರು ಮಾಡಿದ ಮ್ಯಾಲ ಅಧ್ಯಾಯ ನಡುವ ಬಿಡಂಗಿಲ್ಲ. ಇವತ್ತ ಸಂಜೀಕ ಪೂರಾ ಆಗತದ, ಹೌದಿಲ್ಲೋ ತಮ್ಮಾ?”

ಸುಧೀರ ಹೂಂ ಎಂದ. ಆದರೆ ಮುಖ ಬಾಗಿಲ ಕಡೆ ತಿರುಗಿತ್ತು.

ಮರಳುವಾಗ ಆಟೋದಲ್ಲಿ ಹೇಳಿದ: “ನಾಲ್ಕೈದು ಶ್ಲೋಕ ಅಷ್ಟ ಇಟ್ಟೀನಿ. ಗಾಯದ ಪಟ್ಟಿ ಮುಗಿದ ಮ್ಯಾಲ ಕಪ್ಪು ಪರದೆ ಹಚ್ಚಿ ಎಷ್ಟೊತ್ತು ಕೂಡಸಲಿ ಮಂದೀನ?”

“ಆಕಿಗೆ ಹೇಳಿಲ್ಲೇನು?”

“ಧೈರ್ಯ ಆಗಲಿಲ್ಲ.”

ಸಭಾಗೃಹ ಶನಿವಾರ ಪೇಟೆಯ ಒಂದು ಗಲ್ಲಿಯಲ್ಲಿತ್ತು. ಬಾಗಿಲಲ್ಲಿ ಮಫ್ತಿಯಲ್ಲಿದ್ದ ಒಬ್ಬ ಪೊಲೀಸ್ ಅನುಮತಿ ಪತ್ರ ನೋಡಿ, ಸಿನಿಮಾ ಮುಗಿದ ಕೂಡಲೇ ಎಲ್ಲರೂ ಹೊರಡಬೇಕು, ಭಾಷಣ ಗೀಷಣ ಇಲ್ಲ ಎಂದು ಮರಾಠಿಯಲ್ಲಿ ತಾಕೀತು ಮಾಡಿದ. ಮಲ್ಲವ್ವ ಮತ್ತು ಓಣಿಯ ಹೆಂಗಸರು ಮುಂದಿನ ಸಾಲಿನಲ್ಲಿ ಕೂತರು, ಅವರ ಹಿಂದೆ ಮರಾಠಿ ಪ್ರೇಕ್ಷಕರು. ಚಿತ್ರದ ಕೊನೆಗೆ ಗಾಯಗಳು ಬಂದವು: ಎಡ ಭುಜ, ಪಕ್ಕೆ, ಅಂಗಾಲು. ಮೇಲೆ ಆಕೆಯ ದನಿ. ಅಂಗಾಲಿನ ಹೊತ್ತಿಗೆ ನನ್ನ ಕಾಲು ತಾನಾಗಿಯೇ ಹಿಂದಕ್ಕೆ ಸರಿಯಿತು. ಆಮೇಲೆ ಶ್ಲೋಕ ನಡುವೆ ತುಂಡಾಯಿತು, ಹೆಸರುಗಳು ಬಂದವು, ದೀಪ ಹತ್ತಿತು.

ಮಲ್ಲವ್ವ ತಿರುಗಿ ಸುಧೀರನನ್ನು ಹುಡುಕಿದಳು. “ಇಷ್ಟಕ್ಕ ನಿಲ್ಲಿಸಿದ್ಯಾ?”

ಆಕೆ ಸೆರಗು ತಲೆಗೆ ಎಳೆದುಕೊಂಡು, ಪರದೆ ಬಿಟ್ಟ ಶ್ಲೋಕದಿಂದಲೇ ಹೇಳತೊಡಗಿದಳು. ಓಣಿಯ ಹೆಂಗಸರು ದನಿ ಸೇರಿಸಿದರು. “ಪುರೇ, ಪುರೇ,” ಸಾಕು ಎನ್ನುತ್ತ ಪೊಲೀಸ್ ಒಳಗೆ ಬಂದ. ಅಷ್ಟರಲ್ಲಿ ಹಿಂದಿನ ಸಾಲುಗಳಿಂದ ಇನ್ನೊಂದು ದನಿ ಎದ್ದಿತು, ಬೇರೆ ಏರಿಳಿತದಲ್ಲಿ, ಅದೇ ಶ್ಲೋಕ. ಬಿಳಿ ಟೋಪಿಯ ಮುದುಕರೊಬ್ಬರು ಹೇಳುತ್ತಿದ್ದರು. ಅವರ ಪಕ್ಕದವರೂ ಹಿಡಿದರು. ಅಲ್ಲಿಯವರೆಗೆ ಮಲ್ಲವ್ವನ ಕನ್ನಡವನ್ನು ಪರದೆಯ ಕೆಳಗಿನ ಅಕ್ಷರಗಳಲ್ಲಿ ಓದಿದ್ದವರಿಗೆ ಈ ಸಂಸ್ಕೃತ ಶ್ಲೋಕಗಳು ಬಾಯಿಗೇ ಬರುತ್ತಿದ್ದವು. ಪೊಲೀಸ್ ನಡುದಾರಿಯಲ್ಲಿ ನಿಂತ. ಇದು ಭಾಷಣವಲ್ಲ, ಅವನ ಮನೆಯಲ್ಲೂ ಓದುವಂಥದ್ದು. ಅವನ ತುಟಿ ಅಲುಗಿದ್ದನ್ನು ಕಂಡೆ ಎಂದು ಒಮ್ಮೆ ಅನ್ನಿಸುತ್ತದೆ, ಒಮ್ಮೆ ಅನ್ನಿಸುವುದಿಲ್ಲ. ಅವನು ಯಾರನ್ನೂ ತಡೆಯಲಿಲ್ಲ ಎಂಬುದಂತೂ ನಿಜ.

ನಾನು ನಂಬುವವನಲ್ಲ, ಈಗಲೂ ಅಲ್ಲ. ಆದರೂ ತೋಳಿನ ಕೂದಲು ನಿಮಿರಿ ನಿಂತಿದ್ದವು. ಆ ಗದ್ದಲದ ನಡುವೆ ಮಲ್ಲವ್ವನ ದನಿ ಕೆಲವೊಮ್ಮೆ ಕಳೆದುಹೋಯಿತು, ಮತ್ತೆ ಕೇಳಿತು. ಆಕೆ ಕೈಮುಗಿದು ಎದ್ದದ್ದು ನೆನಪಿದೆ. ಆದರೆ ಪೂರ್ತಿ ಹೇಳಿದಳೋ, ದಣಿದು ಎಲ್ಲಾದರೂ ಹಾರಿಸಿದಳೋ, ನನಗೆ ಗೊತ್ತಾಗಲಿಲ್ಲ. ಮರುದಿನ ಬಸ್ಸು ಕಾತ್ರಜದ ಸುರಂಗ ಹೊಗುವಾಗ ಹಿಂತಿರುಗಿ ನೋಡಿದೆ. ಮಳೆಯಲ್ಲಿ ಊರು ಕಾಣಲಿಲ್ಲ.

ಕೆಲವು ತಿಂಗಳ ನಂತರ ಸುಧೀರ ತಿದ್ದಿದ ಚಿತ್ರ ಕಳಿಸಿದ. ಆ ಸಂಜೆ ಸಭಾಗೃಹದಲ್ಲಿ, ಮಲ್ಲವ್ವ ಕೂತಿದ್ದ ಸಾಲಿನ ಪಕ್ಕದಲ್ಲೇ, ಅವನ ಮೈಕ್ ಚಾಲೂ ಇತ್ತಂತೆ. ಚಿತ್ರದ ಕೊನೆಗೆ ಕಪ್ಪು ಪರದೆಯ ಮೇಲೆ ಆ ಧ್ವನಿಯನ್ನು ಹಾಗೆಯೇ ಇಟ್ಟಿದ್ದಾನೆ. ಗ್ರಂಥವನ್ನು ಮುಂದೆ ಬಿಚ್ಚಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ. ಒಂದು ಶ್ಲೋಕವನ್ನೂ ಆಕೆ ಬಿಟ್ಟಿಲ್ಲ.