ದಮ್ಮು ಹತ್ತಿದ ಪೇಟಿ

ಮೊನ್ನೆ ಹಳಿಯಾಳದ ದವಾಖಾನೆಯಲ್ಲಿ ಡಾಕ್ಟರಮ್ಮ ನನ್ನ ಬೆನ್ನಿಗೆ ತಣ್ಣನೆಯ ಬಿಲ್ಲೆ ಒತ್ತಿ, "ಅಜ್ಜಾರ, ದಮ್ಮ ಯಾವಾಗಿಂದ ಹತ್ತೇತ್ರೀ?" ಅಂದಳು. ನಾನು ನಕ್ಕುಬಿಟ್ಟೆ. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಆಕೆಗೆ ಸಿಟ್ಟು ಬಂತು. ಯಾಕೆ ನಕ್ಕೆನೆಂದು ಆಕೆಗೆ ಹೇಳಲಾಗಲಿಲ್ಲ. ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ಇಂಗ್ಲಿಷರಿದ್ದ ಕಾಲ. ನಾನೂ ಖಾದರಸಾಬನೂ ಕೂಡಿ ಹಳಿಯಾಳದ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿಯ ಅಂಗಡಿ ಇಟ್ಟಿದ್ದೆವು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಕಟ್ಟಿಗೆ ಕೆಲಸ ನನ್ನದು, ಸ್ವರದ ಕೆಲಸ ಅವನದು. ನಾಟಕ ಕಂಪನಿಯವರು ಊರೂರು ದಾಟಿ ನಮ್ಮಲ್ಲಿಗೇ ಬರುತ್ತಿದ್ದರು. ಇದರಲ್ಲಿ ಸ್ವಲ್ಪ ಬಡಾಯಿ ಇದೆ, ಸುಳ್ಳಿಲ್ಲ. ಒಂದು ಮಳೆಗಾಲದ ಕೊನೆಗೆ ದಾಂಡೇಲಿಯ ಅರಣ್ಯ ಸಾಹೇಬರ ಬಂಗಲೆಯಿಂದ ಪಟ್ಟೇವಾಲಾ ಬಂದ. "ಬಂಗಲೇದಾಗಿನ ದೊಡ್ಡ ಪೇಟಿಗೆ ದಮ್ಮ ಹತ್ತೇತಂತ್ರೀ. ಪಾಠ ಹೇಳೂ ಬಾಯಾರು ಹಂಗ ಅಂದ್ರು. ಲಗೂನ ಬರ್ರಿ," ಅಂದ.

ಪೇಟಿಗೆ ದಮ್ಮು ಹತ್ತಿತೆಂದರೆ ತಿದಿ ಹರಿದಿದೆ, ಗಾಳಿ ಸೋರುತ್ತಿದೆ ಎಂದರ್ಥ. ಇದನ್ನು ನಮಗೆ ಯಾರು ಕಲಿಸಬೇಕು? ಮೆದು ಚರ್ಮ, ಅಂಟು, ಕತ್ತರಿ ಕಟ್ಟಿಕೊಂಡು ಹೊರಟೆವು. ಅಲ್ಲಿ ಹೋಗಿ ನೋಡಿದರೆ ಪಡಸಾಲೆಯ ತುಂಬ ಮೂರು ಕಾಲಿನ ಕರೀ ಪಿಯಾನೋ! ಮುಚ್ಚಳ ಎತ್ತಿದೆವು, ಅಡಿಯಲ್ಲಿ ಹೊಕ್ಕೆವು. ತಿದಿ ಎಲ್ಲೂ ಇಲ್ಲ. "ದೋಸ್ತ, ಇದಕ್ಕ ಉಸರ ಇಲ್ಲಲ್ಲೋ. ದಮ್ಮ ಎಲ್ಲಿಂದ ಹತ್ತತೈತಿ?" ಅಂದ ಖಾದರಸಾಬ, ಪಿಯಾನೋದ ಹೊಟ್ಟೆಯ ಕೆಳಗಿನಿಂದ.

"ದಮ್ಮ ಅಲ್ಲ ರೀ, ಡ್ಯಾಂಪರ್," ಅಂದಳು ರೋಸಲಿನ್‌ಬಾಯಿ. ಜೋಯಿಡಾ ಕಡೆಯ ಕೊಂಕಣಿ ವಿಧವೆ ಈಕೆ, ಸಾಹೇಬರ ಮಗಳಿಗೆ ಪಿಯಾನೋ ಕಲಿಸುತ್ತಿದ್ದಳು. ಒಂದು ಬಿಳಿ ಪಟ್ಟಿ ಒತ್ತಿ ಬೆರಳು ತೆಗೆದಳು. ಸ್ವರ ನಿಲ್ಲಲಿಲ್ಲ. ಇನ್ನೊಂದು ಒತ್ತಿದಳು, ಎರಡೂ ಕಲಸಿಕೊಂಡವು. ಬೆರಳೆತ್ತಿದ ಕೂಡಲೇ ತಂತಿಯ ಮೇಲೆ ಕೂತು ಸ್ವರ ನಿಲ್ಲಿಸಬೇಕಾದ, ಉಣ್ಣೆ ಹಚ್ಚಿದ ಕಟ್ಟಿಗೆ ತುಂಡುಗಳಿಗೆ ಡ್ಯಾಂಪರ್ ಎಂದು ಹೆಸರಂತೆ. "ಮೇಮ್‌ಸಾಹೇಬ್ರು ತಪ್ಪು ನನ್ನ ಕಾಲಿಂದು ಅಂತಾರ. ಕೆಳಗಿನ ಪೆಡಲ್ ತುಳಿದ್ರ ಸ್ವರ ಉಳೀತಾವು, ಅದನ್ನ ಬಿಡೂದು ನನಗ ಗೊತ್ತಿಲ್ಲಂತ. ಬ್ಯಾರೆ ಟೀಚರನ್ನ ಕರಸ್ತಾರಂತ. ಈ ಮನಿ ಬಿಟ್ರ ನಾ ಎಲ್ಲಿ ಹೋಗ್ಲಿ?" ಅಂದಳು.

ನನಗೆ ಸಂಕಟವಾಯಿತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ? "ಚಿಂತಿ ಬಿಡ್ರಿ ಬಾಯಾರ. ನಿಮ್ಮ ಕಾಲು ಸರಿ ಐತಿ ಅಂತ ಈ ಪೇಟಿ ಬಾಯಿಂದನ ಹೇಳಸ್ತೇವಿ," ಅಂದುಬಿಟ್ಟೆ. ಖಾದರಸಾಬ ನನ್ನನ್ನು ದುರುಗುಟ್ಟಿ ನೋಡಿದ.

ಮಳೆಯ ಥಂಡಿಗೆ ಡ್ಯಾಂಪರಿನ ಸರಿಗೆಗಳು ಕಿಲುಬು ಹಿಡಿದು ತಮ್ಮ ತಮ್ಮ ತೂತಿನಲ್ಲಿ ಸಿಕ್ಕಿಕೊಂಡಿದ್ದವು. ಉಣ್ಣೆಯನ್ನು ನುಸಿ ತಿಂದಿತ್ತು. ಒಂದೊಂದನ್ನೇ ಬಿಚ್ಚಿ ಸರಿಗೆ ಉಜ್ಜಿದೆ. ಉಣ್ಣೆಗೆ ನಾನು ಹೊದ್ದು ಬಂದಿದ್ದ ಕಂಬಳಿಯ ಮೂಲೆಯನ್ನೇ ಕತ್ತರಿಸಿ ಅಂಟಿಸಿದೆ. ಸ್ವರ ನಿಲ್ಲುವ ಬದಲು ಜೊಂಯ್ ಎಂದು ಗೊಣಗತೊಡಗಿತು. ಕಂಬಳಿ ನೇಯ್ದದ್ದು ನೋಡಿ, ಅದರ ಒಂದೊಂದು ಎಳೆಯೂ ತಂತಿಗೆ ತಾಗುತ್ತದೆ. ಖಾದರಸಾಬ ಎದ್ದು ಲಾಯಕ್ಕೆ ಹೋಗಿ, ಸಾಹೇಬರ ಕುದುರೆಯ ಜೀನಿನ ಕೆಳಗೆ ಹಾಕುವ ಹಳೆಯ ನಮದಾ ಕೇಳಿ ತಂದ. ಅದು ನೇಯದೆ, ಒತ್ತಿ ಒತ್ತಿ ಮಾಡಿದ ಉಣ್ಣೆ. ಕುದುರೆ ವಾಸನೆ ಬಂಗಲೆ ತುಂಬಿತು, ಆದರೆ ಸ್ವರ ಬಾಯಿ ಮುಚ್ಚಿತು.

ಉಳಿದದ್ದು ಹೊಂದಿಸುವ ಕೆಲಸ. ಪೆಡಲ್ ತುಳಿದರೆ ಎಲ್ಲವೂ ಒಟ್ಟಿಗೆ ಏಳಬೇಕು, ಬಿಟ್ಟರೆ ಒಟ್ಟಿಗೆ ಕೂಡಬೇಕು. ನಾನು ಕೆಳಗೆ ಮಲಗಿ ತಿರುಪು ತಿರುವುವುದು, ಅವನು ಮೇಲೆ ನಿಂತು ನೋಡುವುದು. "ನಮಾಜಿನ ಸಾಲು ನೋಡೀಯಿಲ್ಲ? ಒಬ್ಬಾವ ಮೊದಲ ಎದ್ರ ಹೆಂಗ ಕಾಣತೈತಿ? ಇಲ್ಲೊಂದು ಅವಸರ ಮಾಡಾಕತ್ತೇತಿ, ಇಳಸು," ಅನ್ನುತ್ತಿದ್ದ. ಕೊನೆಗೆ ಪೆಡಲಿನ ಸಲಾಕೆಗೂ ಕೈ ಹಚ್ಚಿದೆ. ಅದು ಬಿಗಿಯಾಗಿ, ಕಾಲು ತೆಗೆದ ಮೇಲೂ ಡ್ಯಾಂಪರುಗಳನ್ನು ಕೂದಲೆಳೆಯಷ್ಟು ಎತ್ತಿಯೇ ಹಿಡಿದಿತ್ತು. ಕೊಂಚ ಸಡಿಲು ಕೊಟ್ಟೆ.

ಮೇಮ್‌ಸಾಹೇಬರು ಬಂದು ಕೈಕಟ್ಟಿ ನಿಂತರು. ರೋಸಲಿನ್‌ಬಾಯಿ ಪೆಡಲ್ ತುಳಿದು, ಎರಡೂ ಕೈಯಿಂದ ಒಮ್ಮೆಲೇ ಒತ್ತಿದಳು. ಬಂಗಲೆಯೆಲ್ಲ ಗುಂಯ್ ಎಂದಿತು. ಆಮೇಲೆ ಕೈ ಎತ್ತಿ, ಕಾಲು ಬಿಟ್ಟಳು.

ನಿಶ್ಶಬ್ದ. ದೂರದ ನಾಟಾ ಡಿಪೋದಲ್ಲಿ ಗರಗಸ ಎಳೆಯುವುದು ಕೇಳಿಸಿತು. ಮೇಮ್‌ಸಾಹೇಬರು ಮಗಳನ್ನು ಕರೆದು ರೋಸಲಿನ್‌ಬಾಯಿಯ ಪಕ್ಕದಲ್ಲಿ ಕೂಡಿಸಿದರು. ಸಾಹೇಬರು ತಮ್ಮ ದೇಶಕ್ಕೆ ಹಡಗು ಹತ್ತುವವರೆಗೂ ಆಕೆ ಆ ಮನೆಯಲ್ಲೇ ಉಳಿದಳು. ಖಾದರಸಾಬ ತೀರಿಹೋಗಿ ಈಗ ಬಹಳ ವರ್ಷವಾಯಿತು. ಅವನಿಲ್ಲದ ಅಂಗಡಿಯ ಬಾಗಿಲು ತೆರೆಯಲು ನನಗೆ ಮನಸ್ಸೇ ಬರಲಿಲ್ಲ.

"ನಗೂದು ಸಾಕ್ರಿ ಅಜ್ಜಾರ. ಈಗ ದಮ್ಮ ಹಿಡೀರಿ," ಅಂದಳು ಡಾಕ್ಟರಮ್ಮ. ಹಿಡಿದೆ. ನಿಜ ಹೇಳಬೇಕೆಂದರೆ ದವಾಖಾನೆಗೆ ನಾನು ಹೆದರಿಕೊಂಡೇ ಬಂದಿದ್ದೆ. ಆದರೆ ಉಸಿರು ಹಿಡಿದ ಆ ನಿಶ್ಶಬ್ದದಲ್ಲಿ ಎಲ್ಲಿಂದಲೋ ಕುದುರೆಯ ವಾಸನೆ ಬಂತು, ಹೆದರಿಕೆ ಹೋಯಿತು.

"ಬಿಡ್ರಿ. ಅಡ್ಡಿ ಇಲ್ಲ, ಚಲೋ ಹಿಡದ್ರಿ," ಅಂದಳು.

"ನಿಲ್ಲಸೂದು ನಮ್ಮ ಹಳೇ ಕಸಬ ರೀ, ತಾಯಿ," ಅಂದೆ.